ಶರಾವತಿ ಅಪ್ಪೆ, ಅಘನಾಶಿನಿ ಅಪ್ಪೆ ಬೇರೆ ಬೇರೆಯಾ? ಎಫ್‌ಎಸ್‌ಟಿ ಹೇಳುವುದೆಷ್ಟು, ಹೇಳದಿರುವುದೆಷ್ಟು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಶಿವಮೊಗ್ಗದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ ಅಪ್ಪೆಮಿಡಿ. ಶರಾವತಿ ದಂಡೆಯ 24 ಮರ, ಅಘನಾಶಿನಿ ದಂಡೆಯ 22 ಮರಗಳ ಎಲೆ ತಂದು 10 ಮೈಕ್ರೋಸ್ಯಾಟಲೈಟ್ ಮಾರ್ಕರ್ (ಮರದಿಂದ ಮರಕ್ಕೆ ಬದಲಾಗುವ ಡಿಎನ್‌ಎ ಗುರುತು) ನೋಡಿದೆ. ದಂಡೆಯೊಳಗಿನ ಹೆಟರೋಜೈಗಾಸಿಟಿ, ಅಂದರೆ ವೈವಿಧ್ಯದ ಅಳತೆ, ಸರಾಸರಿ 0.82 ಬಂತು. ಎರಡು ಹೊಳೆಗಳ ನಡುವಿನ ವ್ಯತ್ಯಾಸ (ಎಫ್‌ಎಸ್‌ಟಿ) ಲೆಕ್ಕ ಹಾಕಿದರೆ ಒಂದು ಸಾಫ್ಟ್‌ವೇರ್ 0.035 ಅನ್ನುತ್ತೆ, ಇನ್ನೊಂದು 0.067 ಅನ್ನುತ್ತೆ, ಮೂರನೆಯದು ಜೋಸ್ಟ್ ಅವರ ಡಿ 0.33 ಅಂತ ಕೊಡುತ್ತೆ. ಶರಾವತಿಯವನ್ನೇ ಹೊಸನಗರ ಕಡೆ, ಸಾಗರ ಕಡೆ ಎಂದು ಎರಡು ಮಾಡಿದರೆ ಮೈನಸ್ 0.006! ಹೊಳೆಗಳ ಹೋಲಿಕೆಗೆ ಪಿ ವ್ಯಾಲ್ಯೂ (ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವ ಸಂಭವ) ಮಾತ್ರ 0.001 ಬರುತ್ತಿದೆ. ನನ್ನ ಗೈಡ್ "0.05ಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸ ಇಲ್ಲ ಅಂತಲೇ ಬರಿ" ಎನ್ನುತ್ತಾರೆ. ಊರಿನ ಮಿಡಿ ಬೆಳೆಗಾರರು "ನಮ್ಮ ಹೊಳೆ ಅಪ್ಪೆಯೇ ಬೇರೆ ಅಂತ ಬರೆದುಕೊಡು" ಎನ್ನುತ್ತಾರೆ. ಕೆಲವು ಮರ ಹೊಳೆದಂಡೆಯ ಹಳೇ ಮರಗಳು, ಕೆಲವು ತೋಟದಲ್ಲಿ ಕಸಿ ಕಟ್ಟಿದವು. ಯಾವ ಸಂಖ್ಯೆ ನಂಬಲಿ, ಪ್ರಬಂಧದಲ್ಲಿ ಏನಂತ ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ದೊಡ್ಡ ಚಿಂತೆ ಮೂರು ಸಂಖ್ಯೆಗಳ ಬಗ್ಗೆ ಇದೆ. ನನಗೆ ಚಿಂತೆ ಹುಟ್ಟಿಸಿದ್ದು ಮಾತ್ರ ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟ ಆ ಮಾತು, "ಕೆಲವು ತೋಟದಲ್ಲಿ ಕಸಿ ಕಟ್ಟಿದವು" ಅನ್ನೋದು. ಸಂಖ್ಯೆಗಳ ಜಗಳ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತದೆ. ಕಸಿಯದು ಅಷ್ಟು ಸಲೀಸಲ್ಲ. ಮೊದಲು ಸಲೀಸಾದದ್ದನ್ನು ಮುಗಿಸೋಣ.

ಎಫ್‌ಎಸ್‌ಟಿ ಅಂದರೆ ಏನು? ಗುಂಪುಗಳ ನಡುವಿನ ಆನುವಂಶಿಕ ವ್ಯತ್ಯಾಸದ ಅಳತೆ. ಒಂದು ಮಾರ್ಕರ್ ತಗೊಳ್ಳಿ. ಒಂದೇ ದಂಡೆಯ ಮರಗಳಿಂದ ಕಣ್ಣು ಮುಚ್ಚಿ ಆ ಮಾರ್ಕರಿನ ಎರಡು ಪ್ರತಿ ಎತ್ತಿದರೆ ಅವೆರಡೂ ಬೇರೆ ಬೇರೆ ಆಲೀಲ್ (ಒಂದೇ ಮಾರ್ಕರಿನ ಬೇರೆ ಬೇರೆ ರೂಪ) ಆಗಿರುವ ಸಂಭವ ಎಷ್ಟು? ನಿಮ್ಮಲ್ಲಿ ಅದು ಸರಾಸರಿ 0.82. ಈಗ ಒಂದು ಪ್ರತಿ ಶರಾವತಿಯಿಂದ, ಇನ್ನೊಂದು ಅಘನಾಶಿನಿಯಿಂದ ಎತ್ತಿ. ಬೇರೆ ಬೇರೆ ಬರುವ ಸಂಭವ ಸ್ವಲ್ಪ ಜಾಸ್ತಿಯಾಗುತ್ತದೆ. ನಿಮ್ಮ ಮೂರು ಸಂಖ್ಯೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅದು 0.879ರ ಆಸುಪಾಸಿನಲ್ಲಿ ಬರುತ್ತದೆ. ಕತೆಯೆಲ್ಲ ಇರುವುದು ಈ 0.82 ಮತ್ತು 0.879ರ ನಡುವಿನ ಅಂತರದಲ್ಲಿ. ಮೂರೂ ಸಾಫ್ಟ್‌ವೇರ್ ಇದೇ ಅಂತರವನ್ನು ನೋಡುತ್ತಿವೆ. ಆದರೆ ಒಂದೊಂದೂ ಬೇರೆ ಬೇರೆಯದರಿಂದ ಭಾಗಿಸುತ್ತಿದೆ.

0.879ರಿಂದ 0.82 ಕಳೆದು 0.879ರಿಂದಲೇ ಭಾಗಿಸಿ. 0.067 ಬರುತ್ತದೆ. ಇದು ವೀರ್ ಮತ್ತು ಕಾಕರ್‌ಹ್ಯಾಮ್ 1984ರಲ್ಲಿ ಕೊಟ್ಟ ಥೀಟಾ ಅಳೆಯುವ ವಸ್ತು. ಇನ್ನೊಂದು ಸಾಫ್ಟ್‌ವೇರ್ ಎರಡೂ ದಂಡೆಗಳನ್ನು ಒಂದೇ ರಾಶಿ ಮಾಡಿ, ಆ ಒಟ್ಟು ರಾಶಿಯ ವೈವಿಧ್ಯವನ್ನು ಕೆಳಗೆ ಹಾಕುತ್ತದೆ. ಆ ರಾಶಿಯಿಂದ ಎರಡು ಪ್ರತಿ ಎತ್ತಿದರೆ ಅರ್ಧ ಸಲ ಎರಡೂ ಒಂದೇ ದಂಡೆಯವೇ ಆಗಿರುತ್ತವೆ. ಹಾಗಾಗಿ ಒಟ್ಟು ವೈವಿಧ್ಯ 0.82 ಮತ್ತು 0.879ರ ನಡುವೆ, 0.8495ಕ್ಕೆ ನಿಲ್ಲುತ್ತದೆ. ಅದರಿಂದ 0.82 ಕಳೆದು ಭಾಗಿಸಿದರೆ 0.035. ಇದು ಮಸತೋಶಿ ನೇಯ್ 1973ರಲ್ಲಿ ಹೇಳಿದ ಜಿಎಸ್‌ಟಿ. (ತೆರಿಗೆಯ ಜಿಎಸ್‌ಟಿ ಅಲ್ಲ, ಅದರ ತಲೆನೋವೇ ಬೇರೆ.) ಎರಡೇ ಗುಂಪುಗಳಿರುವಾಗ ಥೀಟಾ ಹೆಚ್ಚುಕಡಿಮೆ ಜಿಎಸ್‌ಟಿಯ ಎರಡು ಪಟ್ಟು ಇರುವುದು ಸಹಜ. ಒಬ್ಬರು ಕೊಳಗದಲ್ಲಿ, ಇನ್ನೊಬ್ಬರು ಸೇರಿನಲ್ಲಿ ಅದೇ ಭತ್ತ ಅಳೆದು ಲೆಕ್ಕ ಹೊಂದಲಿಲ್ಲ ಎಂದು ಜಗಳ ಆಡಿದ ಹಾಗಾಯಿತು ಇದು.

ಮೂರನೆಯದು, ಡಿ. ಇದನ್ನು ಅರ್ಥ ಮಾಡಿಕೊಳ್ಳಲು ಒಂದು ವಿಚಿತ್ರ ನೋಡಬೇಕು. ನಿಮ್ಮ ಎರಡು ಹೊಳೆಗಳ ಮರಗಳಲ್ಲಿ ಒಂದೇ ಒಂದು ಆಲೀಲೂ ಸಮಾನವಾಗಿಲ್ಲ ಅಂದುಕೊಳ್ಳಿ. ಪೂರ್ತಿ ಬೇರೆ. ಆಗ ಎರಡು ದಂಡೆಗಳಿಂದ ಒಂದೊಂದು ಪ್ರತಿ ಎತ್ತಿದರೆ ಯಾವಾಗಲೂ ಬೇರೆಯೇ ಬರುತ್ತದೆ, ಸಂಭವ 1. ಆಗ ಎಫ್‌ಎಸ್‌ಟಿಯೂ 1 ಆಗಬೇಕು ಅಲ್ವಾ? ಆಗುವುದಿಲ್ಲ. ದಂಡೆಯೊಳಗಿನ ವೈವಿಧ್ಯವೇ 0.82 ಇರುವಾಗ ಥೀಟಾ 0.18 ದಾಟಲಾರದು. ಜಿಎಸ್‌ಟಿ ಇನ್ನೂ ಕೆಳಗೆ, 0.099ಕ್ಕೇ ನಿಂತುಬಿಡುತ್ತದೆ. ಮೈಕ್ರೋಸ್ಯಾಟಲೈಟ್‌ಗಳಲ್ಲಿ ಒಂದೊಂದು ಲೋಕಸ್‌ನಲ್ಲೂ (ಮಾರ್ಕರ್ ಇರುವ ಡಿಎನ್‌ಎ ಜಾಗ) ಹತ್ತು ಹದಿನೈದು ಆಲೀಲ್ ಇರುವುದರಿಂದ ಈ ಮೇಲ್ಮಿತಿ ಬಹಳ ತಗ್ಗಿನಲ್ಲಿರುತ್ತದೆ. ಫಿಲಿಪ್ ಹೆಡ್ರಿಕ್ 2005ರಲ್ಲಿ, ಲೂ ಜೋಸ್ಟ್ 2008ರಲ್ಲಿ ಎತ್ತಿದ್ದು ಇದೇ ತಕರಾರನ್ನು. ಹೆಡ್ರಿಕ್ ಸಿಕ್ಕ ಬೆಲೆಯನ್ನು ಗರಿಷ್ಠ ಬೆಲೆಯಿಂದ ಭಾಗಿಸಿ ಎಂದರು. ಹಾಗೆ ಮಾಡಿದರೆ ನಿಮಗೆ 0.35 ಬರುತ್ತದೆ. ಜೋಸ್ಟ್ ಆಲೀಲ್‌ಗಳು ಎಷ್ಟರ ಮಟ್ಟಿಗೆ ಬೇರೆ ಎನ್ನುವುದನ್ನೇ ನೇರವಾಗಿ ಅಳೆಯುವ ಡಿ ಕೊಟ್ಟರು. ಅದು ನಿಮ್ಮ 0.33.

ಅಂದರೆ ನಿಮ್ಮ ಗೈಡ್ "ಇಲ್ಲವೇ ಇಲ್ಲ" ಎನ್ನುವ 0.035, ಅದರ ಗರಿಷ್ಠ ಮಿತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅವರಿಗೆ ಇದನ್ನು ತೋರಿಸಿ. ವಾದ ಮಾಡಬೇಕಾಗಿಲ್ಲ, ಲೆಕ್ಕ ಮುಂದಿಟ್ಟರೆ ಸಾಕು.

ಈ 0.05ರ ಗೆರೆ ಎಲ್ಲಿಂದ ಬಂತು ಅನ್ನೋದೂ ಗೊತ್ತಿರಲಿ. ಎಫ್ ಅಂಕಿಗಳನ್ನು ಕಟ್ಟಿದ ಸೀವಾಲ್ ರೈಟ್ 1978ರಲ್ಲಿ ಒಂದು ಒರಟು ಅಂದಾಜು ಕೊಟ್ಟಿದ್ದರು. 0.05ರವರೆಗೆ ಅಲ್ಪ, 0.15ರವರೆಗೆ ಮಧ್ಯಮ, 0.25ರವರೆಗೆ ದೊಡ್ಡದು, ಅದರಾಚೆ ಬಹಳ ದೊಡ್ಡದು. ಪಠ್ಯಪುಸ್ತಕಗಳು ಈ ಪಟ್ಟಿಯನ್ನು ಎತ್ತಿಕೊಂಡವು. 0.05 ಅಥವಾ ಅದಕ್ಕೂ ಕಡಿಮೆ ಇದ್ದರೂ ವ್ಯತ್ಯಾಸವನ್ನು ಕಡೆಗಣಿಸುವ ಹಾಗಿಲ್ಲ ಎಂದು ರೈಟ್ ಅವರೇ ಜೊತೆಗೆ ಹೇಳಿದ್ದನ್ನು ಮಾತ್ರ ಬಿಟ್ಟುಬಿಟ್ಟವು. ಎರಡೇ ಆಲೀಲ್ ಇರುವ ಒಂದು ಲೋಕಸ್ ನೋಡಿ. ಒಂದು ಆಲೀಲ್ ಈ ದಂಡೆಯಲ್ಲಿ ಶೇಕಡ 60, ಆ ದಂಡೆಯಲ್ಲಿ ಶೇಕಡ 40 ಇದೆ. ಇದನ್ನು ಯಾರೂ ಸಣ್ಣ ವ್ಯತ್ಯಾಸ ಎನ್ನುವುದಿಲ್ಲ. ಅದರ ಜಿಎಸ್‌ಟಿ ಬರೀ 0.04.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ತಿಳುವಳಿಕೆ: "0.035 ಅಂದರೆ ಎರಡೂ ಹೊಳೆಯ ಅಪ್ಪೆ ಶೇಕಡ 96.5ರಷ್ಟು ಒಂದೇ." ಮೌಖಿಕ ಪರೀಕ್ಷೆಯಲ್ಲಿ ಇದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹಾಗಲ್ಲ. ಒಟ್ಟು ವೈವಿಧ್ಯದಲ್ಲಿ ಗುಂಪುಗಳ ನಡುವಿನ ಪಾಲು 3.5, ಗುಂಪುಗಳ ಒಳಗಿನ ಪಾಲು 96.5, ಅಷ್ಟೇ ಅದರ ಅರ್ಥ. ರಿಚರ್ಡ್ ಲೆವಾಂಟಿನ್ 1972ರಲ್ಲಿ ಮನುಷ್ಯರ ಬಗ್ಗೆ ತೋರಿಸಿದ್ದು ಇದೇ ಬಗೆಯ ಮಾತು. ನಮ್ಮ ವೈವಿಧ್ಯದ ಸುಮಾರು ಶೇಕಡ 85 ಭಾಗ ಒಂದೊಂದು ಜನಸಮುದಾಯದ ಒಳಗೇ ಇದೆ ಎಂದರು. ಅದು ಸರಿಯೇ. ಆದರೂ ಒಂದೊಂದೇ ಮಾರ್ಕರ್ ಅಲ್ಲದೆ ನೂರಾರು ಮಾರ್ಕರ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಬ್ಬ ವ್ಯಕ್ತಿಯ ಮೂಲ ಹೇಳಬಹುದು ಎಂದು ಎಡ್ವರ್ಡ್ಸ್ 2003ರಲ್ಲಿ ನೆನಪಿಸಿದರು. ಎರಡೂ ಒಟ್ಟಿಗೇ ನಿಜ. ಹಾಗಾಗಿ ನಿಮ್ಮ 0.035 ಇಟ್ಟುಕೊಂಡು "ಮರ ನೋಡಿ ಹೊಳೆ ಹೇಳಲಾಗದು" ಎಂದೂ ಬರೆಯಬೇಡಿ. ಅದು ಬೇರೆ ಪ್ರಶ್ನೆ, ಬೇರೆ ಪರೀಕ್ಷೆ.

ಮೈನಸ್ 0.006 ಕಂಡು ಗಾಬರಿಯಾಗಿದ್ದೀರಿ. ಆಗಬೇಡಿ. 24 ಮರ ಅಂದರೆ ಇಡೀ ದಂಡೆ ಅಲ್ಲ, ಮಾದರಿ ಮಾತ್ರ. ಒಂದೇ ಕಾಡಿನಿಂದ ಎರಡು ಮಾದರಿ ತೆಗೆದರೂ ಆಲೀಲ್‌ಗಳ ಪ್ರಮಾಣ ಅಕ್ಷರಶಃ ಒಂದೇ ಬರುವುದಿಲ್ಲ. ಈ ಆಕಸ್ಮಿಕ ಏರುಪೇರು ಎಷ್ಟಿರಬಹುದು ಎಂದು ಲೆಕ್ಕ ಹಾಕಿ, ಥೀಟಾ ಅದನ್ನು ಕಳೆಯುತ್ತದೆ. ನಿಜವಾದ ವ್ಯತ್ಯಾಸ ಸೊನ್ನೆಯ ಹತ್ತಿರ ಇದ್ದರೆ, ಕಳೆದ ಮೇಲೆ ಉತ್ತರ ಕೆಲವೊಮ್ಮೆ ಸೊನ್ನೆಯ ಮೇಲೆ, ಕೆಲವೊಮ್ಮೆ ಕೆಳಗೆ ಬೀಳುತ್ತದೆ. ಹೊಸನಗರ ಕಡೆಯ ಮರಕ್ಕೂ ಸಾಗರ ಕಡೆಯ ಮರಕ್ಕೂ ಈ ಡೇಟಾದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಓದಿಕೊಳ್ಳಿ. ಪಟ್ಟಿಯಲ್ಲಿ ಮೈನಸ್ ಇದ್ದದ್ದನ್ನು ಮೈನಸ್ ಎಂದೇ ಹಾಕಿ. ಸೊನ್ನೆ ಮಾಡಬೇಡಿ. ಲೋಕಸ್‌ವಾರು ಬೆಲೆಗಳಲ್ಲಿ ಮೈನಸ್‌ಗಳನ್ನೆಲ್ಲ ಸೊನ್ನೆ ಮಾಡಿ ಸರಾಸರಿ ತೆಗೆದರೆ ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ಅಂದಹಾಗೆ ಲೋಕಸ್‌ವಾರು ಥೀಟಾಗಳ ಸರಾಸರಿಯನ್ನು ಎಕ್ಸೆಲ್‌ನಲ್ಲಿ ನೀವೇ ತೆಗೆಯಲೂ ಹೋಗಬೇಡಿ. ಎಲ್ಲ ಲೋಕಸ್‌ಗಳ ಭಿನ್ನರಾಶಿಯಲ್ಲಿ ಮೇಲಿರುವ ಅಂಕಿ ಕೂಡಿ, ಕೆಳಗಿರುವ ಅಂಕಿ ಕೂಡಿ, ಆಮೇಲೆ ಒಂದೇ ಸಲ ಭಾಗಿಸಬೇಕು. ಒಳ್ಳೆ ಸಾಫ್ಟ್‌ವೇರ್ ಹಾಗೇ ಮಾಡುತ್ತದೆ.

ಜಿಎಸ್‌ಟಿ ಬಗ್ಗೆ ಒಂದು ಎಚ್ಚರಿಕೆ ಇದೆ. ಮಾದರಿ ಗಾತ್ರದ ತಿದ್ದುಪಡಿಯನ್ನು ನೇಯ್ ಮತ್ತು ಚೆಸರ್ 1983ರಲ್ಲೇ ಕೊಟ್ಟಿದ್ದಾರೆ. ನಿಮ್ಮ ಸಾಫ್ಟ್‌ವೇರ್ ಅದನ್ನು ಹಾಕಿದೆಯಾ, ಕೈಪಿಡಿ ತೆಗೆದು ನೋಡಿ. ಹಾಕದಿದ್ದರೆ ಏನಾಗುತ್ತದೆ ಅಂದರೆ, ಸಣ್ಣ ಮಾದರಿಯಲ್ಲಿ ದಂಡೆಯೊಳಗಿನ ವೈವಿಧ್ಯ ನಿಜಕ್ಕಿಂತ ಕಡಿಮೆ ಕಾಣುತ್ತದೆ. ನಿಮ್ಮ ಹಾಗೆ 22 ಮರ, ವೈವಿಧ್ಯ 0.82 ಇದ್ದಾಗ, ವ್ಯತ್ಯಾಸ ಒಂಚೂರೂ ಇಲ್ಲದಿದ್ದರೂ ತಿದ್ದದ ಜಿಎಸ್‌ಟಿ ಸರಾಸರಿ 0.011 ತೋರಿಸುತ್ತದೆ. ಐದೈದೇ ಮರ ತಂದಿದ್ದರೆ 0.05! ಅಂದರೆ ಬರೀ ಕಡಿಮೆ ಎಲೆ ಕಿತ್ತ ಕಾರಣಕ್ಕೇ ಗೈಡ್ ಹೇಳುವ ಗೆರೆ ದಾಟಬಹುದು. ಮಲೆನಾಡಿನ ಗಿಡ, ಮೀನು, ದನ ಏನೇ ಇರಲಿ, ಸಣ್ಣ ಮಾದರಿಯ ಪ್ರಬಂಧಗಳಲ್ಲಿ ದೊಡ್ಡ ಎಫ್‌ಎಸ್‌ಟಿ ಕಂಡಾಗ ನಾನು ಮೊದಲು ತಿರುವಿ ನೋಡುವುದು ಮಾದರಿ ಗಾತ್ರದ ಪಟ್ಟಿಯನ್ನೇ.

ಪಿ ವ್ಯಾಲ್ಯೂ 0.001 ಬಗ್ಗೆ ಎರಡೇ ಮಾತು. ಸಾಫ್ಟ್‌ವೇರ್ ಮರಗಳ ಮೇಲಿನ ಹೊಳೆಯ ಚೀಟಿಯನ್ನು 999 ಸಲ ಕಲಸಿ ಹಂಚಿ, ಪ್ರತಿ ಸಲ ಎಫ್‌ಎಸ್‌ಟಿ ಎಷ್ಟು ಬರುತ್ತೆ ನೋಡುತ್ತದೆ. ಒಂದು ಸಲವೂ ನಿಮ್ಮ ಬೆಲೆ ಮುಟ್ಟದಿದ್ದರೆ ಸಾವಿರದಲ್ಲಿ ಒಂದು, ಅಂದರೆ 0.001 ಎಂದು ಬರೆಯುತ್ತದೆ. ಆ ಪರೀಕ್ಷೆಯಲ್ಲಿ ಸಿಗಬಹುದಾದ ಅತಿ ಚಿಕ್ಕ ಅಂಕಿಯೇ ಅದು. ವ್ಯತ್ಯಾಸ ಸೊನ್ನೆ ಅಲ್ಲ ಎನ್ನುವುದನ್ನು ಬಿಟ್ಟು ದೊಡ್ಡದೋ ಚಿಕ್ಕದೋ ಅಂತ ಅದು ಹೇಳುವುದಿಲ್ಲ. ಅದೂ ಹೇಳುವುದು ಯಾವಾಗ? ಪ್ರತಿ ಮರವೂ ಸ್ವತಂತ್ರ ಮರ ಆಗಿದ್ದಾಗ ಮಾತ್ರ.

ಈಗ ಕಸಿಗೆ ಬರೋಣ.

ಹೊಳೆದಂಡೆಯ ಅಪ್ಪೆ ಗೊರಟಿನಿಂದ ಹುಟ್ಟಿದ ಮರ. ಮಾವು ಮುಖ್ಯವಾಗಿ ಪರಕೀಯ ಪರಾಗಸ್ಪರ್ಶದ ಗಿಡ, ನೊಣದಂಥ ಕೀಟಗಳು ಪರಾಗ ಒಯ್ಯುತ್ತವೆ. ಹಾಗಾಗಿ ಒಂದೊಂದು ಗೊರಟಿನ ಸಸಿಯೂ ಹೊಸ ಸೇರ್ಪಡೆ. ಅದಕ್ಕೇ ಅಲ್ಲವೇ, ಒಂದೇ ಹೊಳೆಯ ಸಾಲಿನಲ್ಲಿ ಒಂದು ಮರದ ಮಿಡಿಗೆ ಜೀರಿಗೆ ವಾಸನೆ, ಪಕ್ಕದ್ದಕ್ಕೆ ಬರೀ ಹುಳಿ. ಮಲೆನಾಡಿನವರು ಶತಮಾನಗಳಿಂದ ಒಳ್ಳೆಯ ಮರ ಗುರುತಿಟ್ಟು ಹೆಸರಿಟ್ಟಿದ್ದಾರೆ. ಅನಂತಭಟ್ಟನ ಅಪ್ಪೆ ಗೊತ್ತಿಲ್ಲದ ಉಪ್ಪಿನಕಾಯಿ ಮನೆ ನಮ್ಮಲ್ಲಿ ಇದೆಯೇ? ಆ ಹೆಸರಿನ ಕಸಿ ಗಿಡ ಈಗ ಎಷ್ಟೋ ತೋಟಗಳಲ್ಲಿ ಇದೆ. ತೋಟದ ಯಜಮಾನರಿಗೆ ಅವು ಹತ್ತು ಗಿಡ. ಡಿಎನ್‌ಎಗೆ ಅವೆಲ್ಲ ಒಂದೇ ಮರ.

ಇದು ನಿಮ್ಮ ಲೆಕ್ಕವನ್ನು ಎಷ್ಟು ಕೆಡಿಸುತ್ತದೆ? ನಿಮ್ಮ ಶರಾವತಿಯ 24ರಲ್ಲಿ 6 ಗಿಡ ಒಂದೇ ತಾಯಿಮರದ ಕಸಿ ಅಂತಿಟ್ಟುಕೊಳ್ಳಿ. ಆ ಆರೂ ಗಿಡಗಳ ಎರಡೇ ಆಲೀಲ್‌ಗಳು ಆರಾರು ಸಲ ಎಣಿಕೆಗೆ ಬರುತ್ತವೆ. ಶರಾವತಿಯ ವೈವಿಧ್ಯ 0.82ರಿಂದ 0.80ರ ಹತ್ತಿರಕ್ಕೆ ಇಳಿಯುತ್ತದೆ. ಎರಡು ದಂಡೆಗಳ ನಡುವೆ ಏನೇನೂ ವ್ಯತ್ಯಾಸ ಇಲ್ಲದಿದ್ದರೂ ಥೀಟಾ ಸುಮಾರು 0.013 ಆಗುತ್ತದೆ. ಕಸಿ ಇನ್ನೂ ಜಾಸ್ತಿ ಇದ್ದರೆ ಇನ್ನೂ ಜಾಸ್ತಿ. ಪಿ ವ್ಯಾಲ್ಯೂ ಕೂಡ ಸುಳ್ಳು ಹೇಳುತ್ತದೆ, ಯಾಕೆಂದರೆ ಕಲಸುವಾಗ ಆರು ಪ್ರತಿಗಳನ್ನು ಆರು ಸ್ವತಂತ್ರ ಮರ ಎಂದೇ ಅದು ನಂಬಿರುತ್ತದೆ.

ಉಲ್ಟಾ ಆಗುವುದೂ ಉಂಟು. ಅದೇ ಹೆಸರಾಂತ ಕಸಿ ಸಾಗರದ ತೋಟದಲ್ಲೂ ಇದೆ, ಸಿದ್ದಾಪುರ ಕಡೆಯ ತೋಟದಲ್ಲೂ ಇದೆ, ನೀವು ಎರಡೂ ಕಡೆಯಿಂದ ಎಲೆ ತಂದಿದ್ದೀರಿ ಅಂದುಕೊಳ್ಳಿ. ಆಗ ಎರಡು ದಂಡೆ ಇಲ್ಲದ ಹೋಲಿಕೆ ತೋರುತ್ತವೆ, ಇದ್ದ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹಾಗಾಗಿ "ಕಸಿ ಇದ್ದರೆ ಎಫ್‌ಎಸ್‌ಟಿ ಏರುತ್ತೆ" ಎಂಬ ಸುಲಭ ಸೂತ್ರವೂ ಇಲ್ಲ. ಯಾವ ಕಡೆ ಎಳೆಯುತ್ತದೆ ಎನ್ನುವುದು ಯಾರ ಕಸಿ ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ.

ಪರಿಹಾರ ನಿಮ್ಮ ಕೈಯಲ್ಲೇ ಇದೆ. 46 ಮರಗಳ ಜೀನೋಟೈಪ್ ಪಟ್ಟಿ (ಯಾವ ಮರದಲ್ಲಿ ಯಾವ ಆಲೀಲ್ ಎಂಬ ಪಟ್ಟಿ) ತೆಗೆದು ಒಂದರ ಪಕ್ಕ ಒಂದು ಹೋಲಿಸಿ. ಇಷ್ಟು ವೈವಿಧ್ಯದ 10 ಮಾರ್ಕರ್‌ಗಳಲ್ಲಿ ಸಂಬಂಧವಿಲ್ಲದ ಎರಡು ಮರ ಪೂರ್ತಿ ಹೊಂದಿಕೆಯಾಗುವುದು ಆಗದ ಮಾತು. ಹೊಂದಿದರೆ ಅವು ಕಸಿ. ಒಂದೇ ಒಂದು ಆಲೀಲ್ ತಪ್ಪಿದ್ದರೆ ಜೆಲ್ ಅಥವಾ ಯಂತ್ರದ ಓದಿನಲ್ಲಿ ಎಡವಟ್ಟಾಗಿರಬಹುದು, ಆ ಮಾರ್ಕರ್ ಮತ್ತೆ ಓಡಿಸಿ ನೋಡಿ. ಪ್ರತಿ ಕಸಿ ಗುಂಪಿನಿಂದ ಒಂದನ್ನು ಇಟ್ಟುಕೊಂಡು ಉಳಿದದ್ದು ಬಿಡಿ. ಯಾವ ದಂಡೆಯಲ್ಲಿ ಇಡಬೇಕು? ತಾಯಿಮರ ಎಲ್ಲಿಯದು ಅಂತ ಗೊತ್ತಿದ್ದರೆ ಅಲ್ಲಿ. ಗೊತ್ತಿಲ್ಲದಿದ್ದರೆ ಎರಡೂ ಕಡೆಯಿಂದ ತೆಗೆದುಬಿಡಿ. ತೋಟದವರನ್ನು ಕೇಳಿದರೆ "ಇದು ಅಜ್ಜ ಅಲ್ಲಿಂದ ತಂದು ಕಟ್ಟಿದ್ದು" ಎಂದು ನಿಖರವಾಗಿ ಹೇಳುವವರು ಇನ್ನೂ ಇದ್ದಾರೆ. ಆ ಮಾಹಿತಿ ಯಾವ ಸಾಫ್ಟ್‌ವೇರ್‌ನಲ್ಲೂ ಸಿಗುವುದಿಲ್ಲ.

ಅಣ್ಣತಮ್ಮಂದಿರಂಥ ಮರಗಳು, ಅಂದರೆ ಒಂದೇ ತಾಯಿಯ ಗೊರಟಿನಿಂದ ಹುಟ್ಟಿದವು ಸಿಕ್ಕರೆ? ಅವನ್ನು ಕಂಡ ಕಂಡಲ್ಲಿ ತೆಗೆಯಬೇಡಿ ಎನ್ನುತ್ತೇನೆ. ಹೊಳೆದಂಡೆಯಲ್ಲಿ ಮರ ಕಡಿಮೆ ಇದ್ದಾಗ ನಂಟರು ಸಿಗುವುದು ಸಹಜ, ಅದೂ ಆ ದಂಡೆಯ ಕತೆಯ ಭಾಗವೇ. ಎಲ್ಲ ನಂಟರನ್ನೂ ಕಿತ್ತುಹಾಕಿದರೆ ಅಂದಾಜು ಸುಧಾರಿಸುವ ಬದಲು ಕೆಡಬಹುದು. ಒಂದೇ ಮರದ ಬುಡದಲ್ಲಿ ಹುಟ್ಟಿದ ನಾಲ್ಕು ಸಸಿಗಳ ಎಲೆ ಕಿತ್ತಿದ್ದರೆ ಮಾತ್ರ ಅದು ಮಾದರಿಯ ದೋಷ. ಆಗ ಒಂದನ್ನು ಇಟ್ಟುಕೊಳ್ಳಿ.

ಮೈಕ್ರೋಸ್ಯಾಟಲೈಟ್‌ಗಳಲ್ಲಿ ಇನ್ನೊಂದು ಕಳ್ಳ ಇದ್ದಾನೆ. ಪ್ರೈಮರ್ (ಮಾರ್ಕರ್ ನಕಲು ಮಾಡಲು ಬಳಸುವ ಡಿಎನ್‌ಎ ತುಣುಕು) ಕೂರುವ ಜಾಗದಲ್ಲಿ ಬದಲಾವಣೆ ಆಗಿದ್ದರೆ ಒಂದು ಆಲೀಲ್ ಕಾಣುವುದೇ ಇಲ್ಲ. ಎರಡು ಆಲೀಲ್ ಇರುವ ಮರ ಒಂದೇ ಆಲೀಲ್ ಇರುವ ಹಾಗೆ ಕಾಣುತ್ತದೆ. ಇಂಥ ಕಾಣದ ಆಲೀಲ್‌ಗಳು ಎಫ್‌ಎಸ್‌ಟಿಯನ್ನು ಏರಿಸುತ್ತವೆ. ಎಲ್ಲ ಮಾರ್ಕರ್‌ಗಳಲ್ಲೂ ಹೆಟರೋಜೈಗೋಟ್ (ಎರಡು ಬೇರೆ ಆಲೀಲ್ ಇರುವ ಮರ) ಕೊರತೆ ಇದ್ದರೆ ಅದಕ್ಕೆ ಒಳಸಂಬಂಧ ಅಥವಾ ಗುಂಪಿನೊಳಗೆ ಗುಂಪು ಇರುವುದು ಕಾರಣವಾಗಿರಬಹುದು. ಒಂದೆರಡು ಮಾರ್ಕರ್‌ಗಳಲ್ಲಿ ಮಾತ್ರ ಇದ್ದರೆ ಈ ಕಳ್ಳನ ಮೇಲೆ ಗುಮಾನಿ ಇಡಿ. ಅವನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ, ಎರಡೂ ಬೆಲೆ ಕೊಡಿ.

ಇನ್ನು ನೀವು ಕೇಳದ, ಆದರೆ ಕೇಳಬೇಕಾಗಿದ್ದ ವಿಷಯ. ನಿಮ್ಮ ಎರಡು ಗುಂಪುಗಳನ್ನು ಮಾಡಿದ್ದು ಯಾರು? ಹೊಳೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ಹಾದು ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅಘನಾಶಿನಿ ಶಿರಸಿ ಕಡೆ ಹುಟ್ಟಿ ಕುಮಟಾ ಕಡೆ ಇಳಿಯುತ್ತದೆ. ನೀರಲ್ಲಿ ತೇಲಿದ ಗೊರಟು ಕೆಳಕ್ಕೆ ಹೋಗುತ್ತದೆ, ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಹಾಗಾಗಿ ಹೊಳೆವಾರು ಗುಂಪು ಮಾಡಿದ್ದು ತಪ್ಪಲ್ಲ. ಆದರೆ ಕೀಟ, ಪ್ರಾಣಿ, ಮುಖ್ಯವಾಗಿ ಮನುಷ್ಯ, ಇವರಿಗೆ ಹೊಳೆಯ ಗಡಿ ಇಲ್ಲ. ಹೊಸನಗರದಿಂದ ಶಿರಸಿವರೆಗೆ ಮರಗಳು ನಿಧಾನವಾಗಿ, ಮೈಲಿಯಿಂದ ಮೈಲಿಗೆ ಬದಲಾಗುತ್ತಾ ಹೋಗಿದ್ದರೆ? ನೀವು ಎರಡು ತುದಿಯ ಮರ ಮಾತ್ರ ತಂದರೆ ಎರಡು ಗುಂಪು ಇದ್ದ ಹಾಗೇ ಕಾಣುತ್ತದೆ. ನಡುವಿನ ಮರ ತಂದಿದ್ದರೆ ಗಡಿ ಮಾಯ.

ಇದನ್ನು ಪರೀಕ್ಷಿಸಲು ಗುಂಪು ಬಿಟ್ಟು ಮರಗಳ ಜೋಡಿ ಜೋಡಿ ನೋಡಿ. ಪ್ರತಿ ಜೋಡಿಯ ನಡುವಿನ ದೂರ, ಪ್ರತಿ ಜೋಡಿಯ ಆನುವಂಶಿಕ ವ್ಯತ್ಯಾಸ, ಎರಡನ್ನೂ ಒಂದು ಚಿತ್ರದಲ್ಲಿ ಹಾಕಿ. ದೂರ ಹೆಚ್ಚಿದಂತೆ ವ್ಯತ್ಯಾಸ ಹೆಚ್ಚುತ್ತಾ ಹೋದರೆ, ಮತ್ತು ಅಷ್ಟೇ ದೂರದ ಒಂದೇ ಹೊಳೆಯ ಜೋಡಿಗೂ ಎರಡು ಹೊಳೆಯ ಜೋಡಿಗೂ ಫರಕು ಇಲ್ಲದಿದ್ದರೆ, ಬೇರ್ಪಡಿಸುತ್ತಿರುವುದು ಹೊಳೆ ಅಲ್ಲ, ದೂರ. ಪ್ರಿಚರ್ಡ್ ಮತ್ತು ಸಂಗಡಿಗರು 2000ದಲ್ಲಿ ಕೊಟ್ಟ, ಡಿಎನ್‌ಎ ನೋಡಿ ಗುಂಪು ಮಾಡುವ ಸ್ಟ್ರಕ್ಚರ್ ಸಾಫ್ಟ್‌ವೇರನ್ನೂ ಓಡಿಸಬಹುದು. ಅಪಾಯ ಏನೆಂದರೆ, ಇಳಿಜಾರಿನ ಹಾಗೆ ಬದಲಾಗುವ ಡೇಟಾ ಕೊಟ್ಟರೂ ಅದು ಗುಂಪು ಕತ್ತರಿಸಿ ಕೊಡುತ್ತದೆ. ಕಸಿ ತೆಗೆಯದೆ ಓಡಿಸಿದರಂತೂ ಅನಂತಭಟ್ಟನ ಅಪ್ಪೆಯೇ ಒಂದು 'ಸಮುದಾಯ' ಆಗಿ ಎದ್ದು ನಿಲ್ಲುತ್ತದೆ. ಬಣ್ಣಬಣ್ಣದ ಚಿತ್ರ ಚೆನ್ನಾಗಿರುತ್ತದೆ, ಅದಕ್ಕೇ ಹುಷಾರು.

ಎಫ್‌ಎಸ್‌ಟಿಯಿಂದ ತಲೆಮಾರಿಗೆ ಎಷ್ಟು ವಲಸೆ ಎಂದು ಲೆಕ್ಕ ಹಾಕುವ ಸೂತ್ರ ಪ್ರತಿ ಪ್ರಬಂಧದಲ್ಲೂ ಕಾಣುತ್ತದೆ. ಎಫ್‌ಎಸ್‌ಟಿ ಸಮ ಒಂದು ಭಾಗಿಸು (ನಾಲ್ಕು ಎನ್‌ಎಮ್ ಕೂಡಿಸು ಒಂದು). ಎನ್‌ಎಮ್ ಅಂದರೆ ತಲೆಮಾರಿಗೆ ಬರುವ ವಲಸಿಗರ ಸಂಖ್ಯೆ. ದಯವಿಟ್ಟು ಬಿಟ್ಟುಬಿಡಿ. ನಿಮ್ಮ 0.067 ಹಾಕಿದರೆ ತಲೆಮಾರಿಗೆ ಸುಮಾರು 3.5 ವಲಸೆ, 0.035 ಹಾಕಿದರೆ ಸುಮಾರು 7. ಅದೇ ಡೇಟಾ! ಈ ಸೂತ್ರಕ್ಕೆ ಸಮಾನ ಗಾತ್ರದ ಲೆಕ್ಕವಿಲ್ಲದಷ್ಟು ದ್ವೀಪಗಳು ಬೇಕು, ಎಲ್ಲವೂ ಬಹಳ ಕಾಲದಿಂದ ಸಮತೋಲದಲ್ಲಿರಬೇಕು. ನಮ್ಮ ಹೊಳೆಗಳ ಕತೆ ಹಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದಿತು, ಶರಾವತಿಯ ಉದ್ದಕ್ಕೂ ಊರು, ಗದ್ದೆ, ಕಾಡು ಮುಳುಗಿದವು. ಹೊಳೆಯಂಚಿನ ಮರಗಳ ಜಾಗವೇ ಮೊದಲು ಮುಳುಗುವುದು. ಅಘನಾಶಿನಿಗೆ ಅಂಥ ಅಣೆಕಟ್ಟು ಇಲ್ಲ. ಹಾಗಾದರೆ ನಿಮ್ಮ ವ್ಯತ್ಯಾಸ ಅಣೆಕಟ್ಟಿನಿಂದ ಬಂತಾ? ಅವಸರ ಮಾಡಬೇಡಿ. ಮಾವಿನ ಮರ ನೂರು ವರ್ಷ ದಾಟಿ ಬದುಕುತ್ತದೆ. ನೀವು ಎಲೆ ಕಿತ್ತ ಹಳೇ ಮರಗಳು ಅಣೆಕಟ್ಟಿಗಿಂತ ಮೊದಲೇ ಹುಟ್ಟಿರಬಹುದು. ಆರು ದಶಕ ಅಂದರೆ ಈ ಮರಕ್ಕೆ ಒಂದೆರಡು ತಲೆಮಾರು. ಅಣೆಕಟ್ಟಿನ ಗುರುತು ಹುಡುಕಬೇಕಿದ್ದರೆ ದಪ್ಪ ಕಾಂಡದ ಮರಗಳನ್ನೂ ಎಳೇ ಮರಗಳನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ಈಗಿನ ಎಫ್‌ಎಸ್‌ಟಿ ಹೇಳುತ್ತಿರುವುದು ಬಹುಪಾಲು ಅದಕ್ಕೂ ಹಿಂದಿನ ಕಾಲವನ್ನು.

ನಿಮ್ಮ ಮುಂದಿರುವ ದಾರಿಗಳು ಇವು. ಇರುವ ಡೇಟಾದಲ್ಲೇ ಮುಗಿಸುವುದಾದರೆ, ಕಸಿ ತೆಗೆದು ಥೀಟಾ ಮತ್ತೆ ಲೆಕ್ಕ ಹಾಕಿ. ಲೋಕಸ್‌ಗಳ ಮೇಲೆ ಬೂಟ್‌ಸ್ಟ್ರಾಪ್ ಮಾಡಿ (ಅವನ್ನೇ ಚೀಟಿ ಎತ್ತಿದ ಹಾಗೆ ಮತ್ತೆ ಮತ್ತೆ ಆರಿಸಿ ಲೆಕ್ಕ ಹಾಕಿ) ಶೇಕಡ 95ರ ವ್ಯಾಪ್ತಿ ಕೊಡಿ, ಪಕ್ಕದಲ್ಲಿ ಡಿ ಅಥವಾ ಹೆಡ್ರಿಕ್ ಅವರ ಬೆಲೆ ಹಾಕಿ. 10 ಲೋಕಸ್ ಮಾತ್ರ ಇರುವುದರಿಂದ ವ್ಯಾಪ್ತಿ ಅಗಲವಾಗಿರುತ್ತದೆ, ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಡಿ ಒಂದನ್ನೇ ಹಾಕಿ 0.33 ಎಂದು ಬೀಗುವುದೂ ಬೇಡ. ಮಾರ್ಕರ್ ಎಷ್ಟು ಬೇಗ ಬದಲಾಗುತ್ತದೆ ಎನ್ನುವುದರ ಮೇಲೆ ಡಿ ಅವಲಂಬಿಸಿದೆ. ಹೊಳೆಗಳ ಇತಿಹಾಸ ಬೇಕಾದವರಿಗೆ ಥೀಟಾ, ಆಲೀಲ್‌ಗಳು ಎಷ್ಟು ಬೇರೆಯಾಗಿವೆ ಎಂದು ತಿಳಿಯಬೇಕಾದವರಿಗೆ ಡಿ.

ದುಡ್ಡು ಇದ್ದರೆ ಸಾವಿರಾರು ಎಸ್‌ಎನ್‌ಪಿ (ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸ) ಮಾಡಿಸುವುದು ಎರಡನೇ ದಾರಿ. ಎರಡೇ ಆಲೀಲ್ ಇರುವುದರಿಂದ ಮೇಲ್ಮಿತಿಯ ತೊಂದರೆ ಬಹಳ ಕಡಿಮೆಯಾಗುತ್ತದೆ, ಕಡಿಮೆ ಮರಗಳಿದ್ದರೂ ಅಂದಾಜು ಗಟ್ಟಿ ಬರುತ್ತದೆ. ಅಪಾಯ ಎರಡಿವೆ. ಪೇಟೆಯ ಹಣ್ಣಿನ ತಳಿಗಳನ್ನು ನೋಡಿ ಆರಿಸಿದ ಎಸ್‌ಎನ್‌ಪಿಗಳನ್ನು ನಮ್ಮ ಕಾಡು ಅಪ್ಪೆಗೆ ಹಾಕಿದರೆ ಇಲ್ಲಿಯದೇ ಆದ ವೈವಿಧ್ಯ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು, ಅಪರೂಪದ ಆಲೀಲ್‌ಗಳನ್ನು ಹೇಗೆ ಸೋಸುತ್ತೀರಿ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಭಾಟಿಯಾ ಮತ್ತು ಸಂಗಡಿಗರು 2013ರಲ್ಲಿ ಮನುಷ್ಯರ ಡೇಟಾದಲ್ಲೇ ಇದನ್ನು ತೋರಿಸಿ, ಎಫ್‌ಎಸ್‌ಟಿಗೆ ಹಡ್ಸನ್ ಅವರ ಅಂದಾಜು ವಿಧಾನ ಬಳಸಿ ಎಂದರು. ನನ್ನನ್ನು ಕೇಳಿದರೆ ಮಾರ್ಕರ್ ಹೆಚ್ಚಿಸುವ ಮೊದಲು ಮರ ಹೆಚ್ಚಿಸಿ, ಅದೂ ನಡುವಿನ ಮರ.

ಬೆಳೆಗಾರರಿಗೆ ಏನು ಹೇಳಬೇಕು? ನಿಮ್ಮ ಮಾರ್ಕರ್‌ಗಳು ವಾಸನೆ, ಸೊನೆ, ಉಪ್ಪಿನಲ್ಲಿ ಎಷ್ಟು ವರ್ಷ ಕೆಡದೆ ಗಟ್ಟಿಯಾಗಿರುತ್ತದೆ ಎಂಬುದನ್ನು ನೋಡಿಲ್ಲ. ಈ ಗುಣಗಳ ಹಿಂದೆ ಕೆಲವೇ ಜೀನ್‌ಗಳು ಇರಬಹುದು, ಉಳಿದ ಡಿಎನ್‌ಎ ಒಂದೇ ತರ ಇದ್ದರೂ ಅವು ಬೇರೆ ಇರಬಹುದು. ಆದ್ದರಿಂದ ಎಫ್‌ಎಸ್‌ಟಿ ಕಡಿಮೆ ಬಂತೆಂದು ನಿಮ್ಮ ಮಿಡಿಯಲ್ಲಿ ವಿಶೇಷ ಇಲ್ಲ ಎನ್ನುವ ಹಾಗಿಲ್ಲ, ಜಾಸ್ತಿ ಬಂತೆಂದು ರುಚಿಗೆ ಸರ್ಟಿಫಿಕೇಟ್ ಕೊಡುವ ಹಾಗೂ ಇಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಈಗಾಗಲೇ ಇದೆ. ಆ ಕಾನೂನು ಕೇಳುವುದು ಜಾಗಕ್ಕೂ ಗುಣಕ್ಕೂ ಹೆಸರಿಗೂ ಇರುವ ನಂಟನ್ನು. ಪ್ರತ್ಯೇಕ ವಂಶ ಎಂಬ ಪತ್ರವನ್ನು ಅಲ್ಲ. ಇದನ್ನು ಅವರಿಗೆ ಹಾಗೇ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಬಂಧದ ವಾಕ್ಯ ಈ ಧಾಟಿಯಲ್ಲಿರಲಿ: "ಕಸಿ ಪ್ರತಿಗಳನ್ನು ತೆಗೆದ ಮೇಲೆ ಎರಡು ಹೊಳೆದಂಡೆಗಳ ಅಪ್ಪೆಮಿಡಿ ಮರಗಳ ನಡುವಿನ ಥೀಟಾ ಇಷ್ಟು, ಶೇಕಡ 95ರ ವ್ಯಾಪ್ತಿ ಇಷ್ಟರಿಂದ ಇಷ್ಟು, ಡಿ ಇಷ್ಟು. ಶರಾವತಿಯ ಒಳಗೆ ವ್ಯತ್ಯಾಸ ಕಂಡುಬರಲಿಲ್ಲ. ನಡುವಿನ ಜಾಗಗಳ ಮರಗಳಿಲ್ಲದ ಕಾರಣ ಇದು ಹೊಳೆಯಿಂದಾದ ಬೇರ್ಪಡೆಯೋ ದೂರದಿಂದಾದ ಬದಲಾವಣೆಯೋ ಎಂದು ಈ ಡೇಟಾದಿಂದ ಹೇಳಲಾಗದು." ಪರೀಕ್ಷಕರು ಇಂಥ ವಾಕ್ಯಕ್ಕೆ ಅಂಕ ಕಳೆಯುವುದಿಲ್ಲ, ನಾನಂತೂ ಕಳೆಯುವುದಿಲ್ಲ.

ಕಸಿ ತೆಗೆದ ಮೇಲೆ ಯಾವ ದಂಡೆಯಲ್ಲಾದರೂ ಹದಿನೈದಕ್ಕಿಂತ ಕಡಿಮೆ ಮರ ಉಳಿದರೆ ಮತ್ತೆ ಎಲೆಗೆ ಹೋಗಿ. ಈ ಸಲ ತೋಟ ಬಿಟ್ಟು ಹೊಳೆಸಾಲಿನ ಗೊರಟಿನ ಮರಗಳನ್ನೇ ಹಿಡಿಯಿರಿ, ಒಂದು ಮರಕ್ಕೂ ಇನ್ನೊಂದಕ್ಕೂ ನೂರಿನ್ನೂರು ಮೀಟರ್ ಬಿಡಿ, ಪ್ರತಿ ಮರದ ಜಿಪಿಎಸ್ ಮತ್ತು ಕಾಂಡದ ಸುತ್ತಳತೆ ಬರೆದುಕೊಳ್ಳಿ. ಅಭಯಾರಣ್ಯದ ಒಳಗಿನ ಮರವಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಬಲಿತ ಎಲೆಯಲ್ಲಿ ಡಿಎನ್‌ಎ ಕೆಡಿಸುವ ಅಂಶ ಜಾಸ್ತಿ. ಕೆಂಪು ಚಿಗುರು ತಿಳಿ ಹಸಿರಿಗೆ ತಿರುಗುವ ಹೊತ್ತಿನ ಎಳೇ ಎಲೆ ಕಿತ್ತು, ಅಲ್ಲೇ ಸಿಲಿಕಾ ಜೆಲ್ ಪೊಟ್ಟಣಕ್ಕೆ ಹಾಕಿಬಿಡಿ.